ಕಿರೀಟ ಹೋಗಿ ಸಿಂಹ ಬಂದಾಗ

ನನ್ನ ಸೋದರಮಾವನವರ ತಗಡಿನ ಪೆಟ್ಟಿಗೆಯಲ್ಲಿ ಎರಡು ಹಿತ್ತಾಳೆಯ ಬಿಲ್ಲೆಗಳಿದ್ದುವು. ಎರಡೂ ಸಿಪಾಯಿಯ ಟೋಪಿಗೆ ಸಿಕ್ಕಿಸುವಂಥವು. ಒಂದರ ನೆತ್ತಿಯ ಮೇಲೆ ಇಂಗ್ಲೆಂಡಿನ ಅರಸೊತ್ತಿಗೆಯ ಕಿರೀಟ. ಇನ್ನೊಂದರ ಮೇಲೆ ಸಾರನಾಥದ ಸಿಂಹಗಳು. ಮಿಕ್ಕ ಕೆತ್ತನೆಯಲ್ಲಿ ನನ್ನ ಎಳೆಯ ಕಣ್ಣಿಗೆ ಹೇಳಿಕೊಳ್ಳುವಂಥ ಭೇದವೇನೂ ಕಾಣುತ್ತಿರಲಿಲ್ಲ. ಮಾವ ೧೯೪೦ರಲ್ಲಿ ಬೆಂಗಳೂರಿಗೆ ಹೋಗಿ, ಹಲಸೂರು ಕೆರೆಯ ಮಗ್ಗುಲಿನ ಮದರಾಸು ಸ್ಯಾಪರ್ಸ್ ದಳವನ್ನು ಸೇರಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಜಮಾದಾರರಾಗಿ ನಿವೃತ್ತರಾಗಿ ಊರಿಗೆ ಬಂದು ತೋಟ ಮಾಡಿಕೊಂಡಿದ್ದವರು. ಕಾಲೇಜಿನಲ್ಲಿ ಚರಿತ್ರೆ ಓದುತ್ತಿದ್ದ ನಾನು ಒಂದು ರಜೆಯಲ್ಲಿ ಅವರನ್ನು ಕೇಳಿದೆ: "ಮಾವ, ಒಂದೇ ರಾತ್ರಿಯಲ್ಲಿ ಅರಸನ ಸಿಪಾಯಿಯಾಗಿದ್ದವರು ದೇಶದ ಸಿಪಾಯಿಯಾಗಿಬಿಟ್ಟಿರಲ್ಲ, ಹೇಗೆನ್ನಿಸಿತು?"

"ಒಂದೇ ರಾತ್ರಿ ಎಲ್ಲಿ ಬಂತೋ? ಆಮೇಲೂ ಎರಡೂವರೆ ವರ್ಷ ಅದೇ ಕಿರೀಟವನ್ನು ತಲೆಯ ಮೇಲೆ ಹೊತ್ತೇ ಕವಾಯತು ಮಾಡಿದೆವು. ಅದೇ ಬೂಟು, ಅದೇ ಬೈಗುಳ, ಅದೇ ಚಹ" ಎಂದರು ಮಾವ.

ಅವರ ಮಾತು ಅಕ್ಷರಶಃ ನಿಜವೆಂಬುದು ನನಗೆ ಬಹಳ ವರ್ಷಗಳ ಮೇಲೆ ಮನದಟ್ಟಾಯಿತು. ೧೯೪೭ರ ಆಗಸ್ಟ್ ೧೫ರಿಂದ ೧೯೫೦ರ ಜನವರಿ ೨೬ರವರೆಗೆ ನಮ್ಮ ದೇಶ ಸ್ವತಂತ್ರವಾಗಿದ್ದರೂ ಆರನೆಯ ಜಾರ್ಜ್ ದೊರೆಯೇ ಅದರ ನಾಮಮಾತ್ರದ ಅರಸನಾಗಿದ್ದ. ನೌಕಾಪಡೆಯ ಹೆಸರಿನ ಮುಂದೆಯೂ ವಾಯುಪಡೆಯ ಹೆಸರಿನ ಮುಂದೆಯೂ 'ರಾಯಲ್' ಎಂಬ ವಿಶೇಷಣ ಅಂಟಿಕೊಂಡೇ ಇತ್ತು. ಹೀಗೆ ಧ್ವಜ ಬದಲಾದ ಮೇಲೂ ಬಿಲ್ಲೆ ಬದಲಾಗದೆ ಉಳಿದಿದ್ದ ಆ ಅವಧಿಯಲ್ಲಿಯೇ, ನನ್ನ ಅಭಿಪ್ರಾಯದಲ್ಲಿ, ನಮ್ಮ ಸೈನ್ಯ ನಮ್ಮದಾದದ್ದು. ಅದು ಹೇಗೆ ಆಯಿತು, ಎಷ್ಟರಮಟ್ಟಿಗೆ ಆಯಿತು, ಎಲ್ಲಿ ಆಗದೆ ಉಳಿಯಿತು ಎಂಬುದೇ ಈ ಬರೆಹದ ವಿಷಯ.

ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಸೈನ್ಯ ಒದಗುವ ದಾರಿಗಳು ಹಲವು. ಇಂಡೊನೇಷಿಯ ಹೋರಾಡುತ್ತಲೇ ತನ್ನ ಸೈನ್ಯವನ್ನು ಕಟ್ಟಿಕೊಂಡಿತು. ೧೯೪೫ರ ನವೆಂಬರಿನಲ್ಲಿ ಅಲ್ಲಿನ ದಳಪತಿಗಳು ಒಂದೆಡೆ ಸೇರಿ, ಮತ ಹಾಕಿ, ಸುದಿರ್ಮನ್ ಎಂಬವನನ್ನು ತಮ್ಮ ಸೇನಾಪತಿಯನ್ನಾಗಿ ಆರಿಸಿಕೊಂಡರು. ಆತ ಮೊದಲು ಶಾಲೆಯ ಉಪಾಧ್ಯಾಯನಾಗಿದ್ದವನು. (ನನ್ನಂಥ ಮೇಷ್ಟರುಗಳು ಇದನ್ನು ಓದಿ ಹಿಗ್ಗಬಹುದು, ಆದರೆ ಅವನ ತರಗತಿಯನ್ನು ನಿಭಾಯಿಸುವುದು ನಮ್ಮಿಂದಾಗುತ್ತಿತ್ತೇ ಎಂಬುದು ಬೇರೆ ಮಾತು.) ಸಿಂಗಾಪುರ ೧೯೬೫ರಲ್ಲಿ ಬೇರ್ಪಟ್ಟಾಗ ಅದರ ಬಳಿ ಇದ್ದದ್ದು ಎರಡೇ ಎರಡು ಕಾಲಾಳು ಪಟಾಲಂಗಳು, ಅದು ಇಸ್ರೇಲಿನಿಂದ ಸಲಹೆಗಾರರನ್ನು ಕರೆಸಿಕೊಂಡು, ೧೯೬೭ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಜಾರಿಗೆ ತಂದು, ಬುಡದಿಂದ ಕಟ್ಟಿತು. ನಮ್ಮದು ಈ ಎರಡೂ ಅಲ್ಲ. ನಮಗೆ ಸೈನ್ಯ ಬಂದದ್ದು ಪಿತ್ರಾರ್ಜಿತ ಆಸ್ತಿಯಂತೆ. ಅದೂ ಪಾಲು ಪಟ್ಟಿಯಾಗಿ.

ಪಿತ್ರಾರ್ಜಿತ ಎಂದೆ, ಪಿತೃ ಯಾರೆಂಬುದೇ ತೊಡಕು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಬ್ರಿಟಿಷರ ಭಾರತೀಯ ಸೈನ್ಯದಲ್ಲಿ ೨೫ ಲಕ್ಷ ಮಂದಿಯಿದ್ದರು. ಯಾರನ್ನೂ ಬಲವಂತದಿಂದ ಎಳೆದು ತಂದದ್ದಲ್ಲ. ಎಲ್ಲರೂ ತಾವಾಗಿ ಹೆಸರು ಬರೆಸಿ ಸೇರಿದವರು. ಬರಗಾಲದಿಂದ ತಪ್ಪಿಸಿಕೊಳ್ಳಲು ಬಂದವರು, ಮನೆತನದ ರೂಢಿಯಿಂದ ಬಂದವರು, ಅಣ್ಣನೊಡನೆ ಜಗಳವಾಡಿ ಬಂದವರು, ಎಲ್ಲರೂ ಇದ್ದರು. ಮಾವ ಬಂದದ್ದು ಮೂರನೆಯ ಕಾರಣಕ್ಕೆ.

ಇವರೆಲ್ಲ ದೇಶದ್ರೋಹಿಗಳೇ? ಸ್ವಾತಂತ್ರ್ಯ ಹೋರಾಟದ ಬಿಸಿಯಲ್ಲಿ ಹಾಗೆಂದವರುಂಟು. ಕನ್ನಡ ಕಾವ್ಯವನ್ನು ಓದಿದವರಿಗೆ ಈ ಪ್ರಶ್ನೆ ಅಷ್ಟು ಸರಳವಾಗಿ ಕಾಣಲಾರದು. ನಮ್ಮ ಹಳೆಯ ಕವಿಗಳು 'ಜೋಳದ ಪಾಳಿ' ಎಂದು ಒಂದು ಮಾತನ್ನು ಬಳಸುತ್ತಾರೆ. ಯಾರ ಜೋಳ ಉಂಡೆವೋ ಅವರಿಗಾಗಿ ಪ್ರಾಣ ಕೊಡುವ ಋಣ ಅದು. ಪಂಪನ ಕರ್ಣ ತನ್ನ ಹುಟ್ಟನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಡದೆ ನಿಂತದ್ದು ಈ ಋಣಕ್ಕೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರಲಕ್ಷ್ಮನ ಕಂಬವಿದೆ. ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ಗರುಡನಾಗಿದ್ದ ಲಕ್ಷ್ಮ ತನ್ನವರೊಡನೆ ಪ್ರಾಣ ಒಪ್ಪಿಸಿದ್ದರ ನೆನಪು ಅದು. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆಯನ್ನು ಯಾವ ಸಿಪಾಯಿಗೂ ಇಂಗ್ಲಿಷಿನವರು ಕಲಿಸಬೇಕಾಗಿರಲಿಲ್ಲ. ಅವರು ಮಾಡಿದ್ದೆಂದರೆ ಆ ಗಾದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡದ್ದು. ಆದುದರಿಂದ ಹೊಸ ಸರ್ಕಾರದ ಮುಂದಿದ್ದ ಕೆಲಸ ಬಂದೂಕುಗಳನ್ನು ಎಣಿಸಿಕೊಳ್ಳುವುದಕ್ಕಿಂತ ಸೂಕ್ಷ್ಮವಾದದ್ದು: ಋಣವನ್ನು ಕೆಡಿಸದೆ ಋಣದ ಒಡೆಯನನ್ನು ಬದಲಾಯಿಸಬೇಕಾಗಿತ್ತು.

ಎಣಿಕೆಯೂ ಸುಲಭವಾಗಿರಲಿಲ್ಲವೆನ್ನಿ. ದೇಶ ಒಡೆಯುತ್ತಿದ್ದಂತೆ ಸೈನ್ಯವೂ ಒಡೆಯಿತು. ಆಕಿನ್‌ಲೆಕ್ ಅವರ ಮೇಲ್ವಿಚಾರಣೆಯಲ್ಲಿ, ಹೆಚ್ಚುಕಡಮೆ ಎರಡು ಪಾಲು ಭಾರತಕ್ಕೆ, ಒಂದು ಪಾಲು ಪಾಕಿಸ್ತಾನಕ್ಕೆ ಎಂದು ಹಂಚಿಕೆಯಾಯಿತು. ಒಂದೇ ಪಟಾಲಮಿನಲ್ಲಿ ಒಂದು ತುಕಡಿ ಮುಸಲ್ಮಾನರದು, ಒಂದು ಸಿಖ್ಖರದು, ಒಂದು ಡೋಗ್ರರದು ಇರುತ್ತಿತ್ತು. ಅವು ಬೇರೆಬೇರೆ ರೈಲು ಹತ್ತಿ ಹೊರಟುವು. ಕ್ವೆಟ್ಟಾದಲ್ಲಿದ್ದ ಸ್ಟಾಫ್ ಕಾಲೇಜು ಪಾಕಿಸ್ತಾನಕ್ಕೆ ಹೋಯಿತು; ನಾವು ೧೯೪೮ರಲ್ಲಿ ನೀಲಗಿರಿಯ ವೆಲಿಂಗ್ಟನ್ನಿನಲ್ಲಿ ನಮ್ಮದನ್ನು ತೆರೆದೆವು. ಮದ್ದುಗುಂಡಿನ ಕಾರ್ಖಾನೆಗಳೆಲ್ಲ ನಮ್ಮ ಕಡೆ ಉಳಿದುವು. ಅವರು ೧೯೫೧ರಲ್ಲಿ ವಾಹ್ ಎಂಬಲ್ಲಿ ಹೊಸದನ್ನು ಕಟ್ಟಿಕೊಂಡರು. ೧೯೪೭ರ ಆಗಸ್ಟ್ ಮೊದಲ ವಾರದಲ್ಲಿ ದೆಹಲಿಯ ಜಿಮ್ಖಾನಾ ಕ್ಲಬ್ಬಿನಲ್ಲಿ ಬೀಳ್ಕೊಡುಗೆಯ ಕೂಟವೊಂದು ನಡೆಯಿತು. ಪಾಕಿಸ್ತಾನಕ್ಕೆ ಹೊರಟಿದ್ದ ಅಧಿಕಾರಿಗಳಿಗೆ ನಮ್ಮ ಕೊಡಗಿನ ಕಾರ್ಯಪ್ಪನವರು ಬೆಳ್ಳಿಯ ಪ್ರತಿಮೆಯೊಂದನ್ನು ಕಾಣಿಕೆಯಾಗಿ ಕೊಟ್ಟರು: ಒಬ್ಬ ಹಿಂದೂ ಸಿಪಾಯಿ, ಒಬ್ಬ ಮುಸಲ್ಮಾನ ಸಿಪಾಯಿ ಅಕ್ಕಪಕ್ಕದಲ್ಲಿ ನಿಂತಿರುವ ಪ್ರತಿಮೆ. ಮೂರು ತಿಂಗಳು ತುಂಬುವುದರೊಳಗಾಗಿ ಆ ಕೂಟದಲ್ಲಿ ಊಟ ಮಾಡಿದವರ ಪಡೆಗಳು ಕಾಶ್ಮೀರದಲ್ಲಿ ಎದುರುಬದುರಾಗಿದ್ದುವು.

ಮೊಹಮ್ಮದ್ ಉಸ್ಮಾನರ ಹೆಸರನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ಅವರು ಬಲೂಚ್ ರೆಜಿಮೆಂಟಿನವರು. ಆ ರೆಜಿಮೆಂಟು ಪಾಕಿಸ್ತಾನದ ಪಾಲಿಗೆ ಹೋಯಿತು. ಅವರು ಹೋಗಲಿಲ್ಲ. ಭಾರತದಲ್ಲಿಯೇ ಉಳಿದು, ನೌಶೇರಾವನ್ನು ಉಳಿಸಿ, ಝಂಗಡವನ್ನು ಮರಳಿ ಗೆದ್ದು, ೧೯೪೮ರ ಜುಲೈ ೩ರಂದು ಅಲ್ಲಿಯೇ ಶೆಲ್ಲಿನ ಏಟಿಗೆ ಮಡಿದರು. ಋಣದ ಒಡೆಯ ಬದಲಾಗುವುದೆಂದರೆ ಏನೆಂದು ಕೇಳುವವರಿಗೆ ಅವರ ಆಯ್ಕೆಯಷ್ಟು ಸ್ಪಷ್ಟವಾದ ಉತ್ತರ ಮತ್ತೊಂದು ನನಗೆ ತೋರುವುದಿಲ್ಲ.

ಆ ಯುದ್ಧದ ಒಂದು ವಿಚಿತ್ರವನ್ನು ನಾವು ಮರೆಯುತ್ತೇವೆ. ಎರಡು ಸ್ವತಂತ್ರ ದೇಶಗಳ ಸೈನ್ಯಗಳು ಹೋರಾಡುತ್ತಿದ್ದಾಗ ಎರಡರ ತಲೆಯ ಮೇಲೂ ಇಂಗ್ಲಿಷಿನವರೇ ಕುಳಿತಿದ್ದರು. ನಮ್ಮಲ್ಲಿ ಮೊದಲು ಲಾಕ್‌ಹಾರ್ಟ್, ಆಮೇಲೆ ಬುಚರ್. ಅವರಲ್ಲಿ ಮೊದಲು ಮೆಸರ್ವಿ, ಆಮೇಲೆ ಗ್ರೇಸಿ. ಎರಡು ಕಡೆಯ ಸೇನಾಪತಿಗಳೂ ಒಂದೇ ಸೈನ್ಯದ ಹಳೆಯ ಸಹೋದ್ಯೋಗಿಗಳು. ಎರಡು ಡೊಮಿನಿಯನ್ನುಗಳ ನಡುವೆ ಯುದ್ಧ ಘೋಷಣೆಯಾದರೆ ಬ್ರಿಟಿಷ್ ಅಧಿಕಾರಿಗಳೆಲ್ಲ ಎರಡು ಕಡೆಯೂ ಕೆಲಸ ನಿಲ್ಲಿಸಬೇಕೆಂಬ ಆಜ್ಞೆ ಬೇರೆ ಇತ್ತು. ತನ್ನ ಸೈನ್ಯವನ್ನು ತಾನು ಬೇಕಾದಂತೆ ನಡೆಸಲು ಆಗದ ಸ್ವಾತಂತ್ರ್ಯ ಎಂಥದು? ಹಾಗೆಂದು ಅವರನ್ನು ಮೊದಲ ದಿನವೇ ಕಳುಹಿಸಿಬಿಡುವುದು ಸಾಧ್ಯವಿತ್ತೇ?

ಇದಕ್ಕೆ ಉತ್ತರ ಹುಡುಕಲು ಕೊಂಚ ಹಿಂದಕ್ಕೆ ಹೋಗಬೇಕು. ೧೯೧೮ರವರೆಗೆ ಭಾರತೀಯನೊಬ್ಬ ಎಷ್ಟೇ ಶೂರನಾದರೂ ಸುಬೇದಾರ್ ಮೇಜರ್ ಆಗಿ ನಿಲ್ಲಬೇಕಾಗಿತ್ತು. ನೆನ್ನೆ ಮೊನ್ನೆ ಬಂದ ಇಂಗ್ಲಿಷ್ ಹುಡುಗನಿಗೂ ಅವನು ಸಲಾಮು ಹೊಡೆಯಬೇಕಾಗಿತ್ತು. ಮೊದಲನೆಯ ಮಹಾಯುದ್ಧದ ಕೊನೆಗೆ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಮಂದಿ ಭಾರತೀಯರಿಗೆ ಸ್ಥಳ ಕೊಟ್ಟರು. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಒಂದು ತಂಡಕ್ಕೆ ೧೯೧೯ರಲ್ಲಿ ಅಧಿಕಾರಪತ್ರ ದೊರೆಯಿತು. ಆ ತಂಡದಲ್ಲಿ ಕಾರ್ಯಪ್ಪನವರಿದ್ದರು. ಬಳಿಕ ೧೯೨೩ರಲ್ಲಿ ಎಂಟು ದಳಗಳನ್ನು ಮಾತ್ರ ಭಾರತೀಯ ಅಧಿಕಾರಿಗಳಿಗೆ ಮೀಸಲಿಟ್ಟರು. ಔದಾರ್ಯದಂತೆ ಕಾಣುವ ಈ ಏರ್ಪಾಟಿನ ಒಳಗುಟ್ಟು ಬೇರೆ: ಇಂಗ್ಲಿಷ್ ಯುವಕನೊಬ್ಬ ಭಾರತೀಯನ ಕೈಕೆಳಗೆ ದುಡಿಯಬೇಕಾಗಿ ಬರಬಾರದು. ಡೆಹರಾಡೂನಿನ ಸೈನಿಕ ಅಕಾಡೆಮಿ ತೆರೆದದ್ದು ೧೯೩೨ರಲ್ಲಿ. ೧೯೩೯ರಲ್ಲಿ ಯುದ್ಧ ಸಿಡಿದಾಗ ಸೈನ್ಯದಲ್ಲಿದ್ದ ಭಾರತೀಯ ಅಧಿಕಾರಿಗಳು ಕೆಲವು ನೂರು ಮಂದಿ. ಯುದ್ಧದ ಒತ್ತಡದಲ್ಲಿ ಅವರ ಸಂಖ್ಯೆ ಹಲವು ಸಾವಿರಕ್ಕೇರಿತು. ಆದರೆ ಅವರೆಲ್ಲ ಕಿರಿಯರು. ೧೯೪೭ರಲ್ಲಿ ಬ್ರಿಗೇಡಿಯರ್ ದರ್ಜೆ ಮುಟ್ಟಿದ್ದ ಭಾರತೀಯರನ್ನು ಕೈಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಬುನಾದಿಯಿತ್ತು, ಗೋಡೆಯಿತ್ತು, ಮಾಡಿಗೆ ತೊಲೆಗಳು ಸಾಲದಾಗಿದ್ದುವು.

ಆ ಕೆಲವು ತೊಲೆಗಳಲ್ಲಿ ಎರಡು ಕೊಡಗಿನಿಂದಲೇ ಬಂದುವೆಂಬುದು ನಮಗೆ ಅಭಿಮಾನದ ಸಂಗತಿ. ತಿಮ್ಮಯ್ಯನವರ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ೧೯೩೦ರ ಸುಮಾರಿಗೆ ಅವರ ಪಟಾಲಂ ಅಲಹಾಬಾದಿನಲ್ಲಿತ್ತು. ಊರ ತುಂಬ ಸತ್ಯಾಗ್ರಹದ ಕಾವು. ತಾವು ತೊಟ್ಟ ಸಮವಸ್ತ್ರ ಮೈಸುಡುತ್ತಿದೆಯೆನಿಸಿ ಆ ತರುಣ ಮೋತಿಲಾಲ ನೆಹರೂ ಅವರನ್ನು ಕಂಡು, ನಾವು ರಾಜೀನಾಮೆ ಕೊಟ್ಟುಬಿಡಬೇಕೇ ಎಂದು ಕೇಳಿದರಂತೆ. ಬೇಡ, ಉಳಿಯಿರಿ, ಕಲಿಯುವುದನ್ನು ಕಲಿತುಕೊಳ್ಳಿ, ಸ್ವಾತಂತ್ರ್ಯ ಬಂದ ದಿನ ನಿಮ್ಮಂಥವರು ಬೇಕಾಗುತ್ತಾರೆ ಎಂಬ ಅರ್ಥದ ಸಲಹೆ ಬಂದಿತು. ಮೋತಿಲಾಲರು ಆ ದಿನವನ್ನು ನೋಡಲಿಲ್ಲ. ತಿಮ್ಮಯ್ಯನವರು ನೋಡಿದರು, ನೋಡಿದ್ದು ಮಾತ್ರವಲ್ಲ, ಅದರ ಮರುವರ್ಷವೇ ಜೋಜಿಲಾ ಕಣಿವೆಯ ಬುಡದಲ್ಲಿ ನಿಂತಿದ್ದರು.

ಜೋಜಿಲಾದ ಕಥೆಯನ್ನು ಕನ್ನಡದ ಹುಡುಗರು ಇನ್ನಷ್ಟು ಅರಿತಿರಬೇಕಾಗಿತ್ತು. ಹನ್ನೊಂದು ಸಾವಿರ ಅಡಿಗಳಿಗೂ ಎತ್ತರದ ಕಣಿವೆ ಅದು. ಶತ್ರು ಮೇಲಿದ್ದಾನೆ, ಕೆಳಗಿನಿಂದ ಕಾಲಾಳುಗಳು ಏರಿದಾಗಲೆಲ್ಲ ಪೆಟ್ಟು ತಿಂದು ಇಳಿದಿದ್ದಾರೆ, ಚಳಿಗಾಲ ಕಾಲಿಡುತ್ತಿದೆ, ಅತ್ತ ಲೇಹ್‌ಗೆ ಹೋಗುವ ದಾರಿ ಮುಚ್ಚಿದೆ. ತಿಮ್ಮಯ್ಯನವರು ಅಲ್ಲಿಗೆ ಟ್ಯಾಂಕುಗಳನ್ನು ಹತ್ತಿಸಲು ನಿಶ್ಚಯಿಸಿದರು. ಜಮ್ಮುವಿನಿಂದ ಬರುವ ದಾರಿಯ ಸೇತುವೆಗಳು ಅವುಗಳ ಭಾರ ತಾಳುವಂತಿರಲಿಲ್ಲ. ಏಳನೆಯ ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಕಳಚಿ, ಮೇಲೆ ಹೊದಿಕೆ ಹೊದಿಸಿ, ಗುಟ್ಟಾಗಿ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ. ಅದನ್ನು ಕಡಿದು, ಬಂಡೆ ಸಿಡಿಸಿ, ಟ್ಯಾಂಕು ಹತ್ತುವಂತೆ ಅಗಲಿಸಿದವರು ಮದರಾಸು ಸ್ಯಾಪರ್ಸ್ ದಳದವರು; ಹಲಸೂರು ಕೆರೆಯ ದಂಡೆಯಲ್ಲಿ ಸಲಿಕೆ ಹಿಡಿಯುವುದನ್ನು ಕಲಿತವರು, ಹಿಮವನ್ನು ಹುಟ್ಟಿದಾರಭ್ಯ ಕಾಣದವರು. ೧೯೪೮ರ ನವೆಂಬರ್ ೧ರಂದು ಟ್ಯಾಂಕುಗಳು ಕಣಿವೆಯ ಮೇಲೆ ಕಾಣಿಸಿಕೊಂಡುವು, ತಿಮ್ಮಯ್ಯನವರೂ ಮುಂಚೂಣಿಯಲ್ಲಿದ್ದರು. ಶತ್ರು ನಿಲ್ಲಲಿಲ್ಲ. ಮಾವ ಆಗ ಬೆಂಗಳೂರಿನ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಗಂಟು ಹಾಕುವುದನ್ನು ಕಲಿಸುತ್ತಿದ್ದರು. ಜೋಜಿಲಾಕ್ಕೆ ಹೋಗಲಿಲ್ಲವೆಂಬ ಕೊರಗು ಅವರನ್ನು ಸಾಯುವತನಕ ಬಿಡಲಿಲ್ಲ. ಅವರ ಬಾಯಲ್ಲಿ ನಾನು ಮೊದಲ ಸಲ 'ನಮ್ಮ ಸೈನ್ಯ' ಎಂಬ ಮಾತನ್ನು ಕೇಳಿದ್ದು ಈ ಕಥೆ ಹೇಳುವಾಗಲೇ. ಮಹಾಯುದ್ಧದ ಕಥೆಗಳಲ್ಲಿ ಅದು ಯಾವಾಗಲೂ 'ಪಲ್ಟನ್ನು' ಆಗಿರುತ್ತಿತ್ತು.

೧೯೪೯ರ ಜನವರಿ ೧ರಂದು ಕದನವಿರಾಮ. ಹದಿನೈದನೆಯ ದಿನ ಕಾರ್ಯಪ್ಪನವರು ಬುಚರನಿಂದ ಸೇನಾಧಿಪತ್ಯವನ್ನು ವಹಿಸಿಕೊಂಡರು. ಇಂದಿಗೂ ಆ ದಿನವನ್ನು ಸೇನಾದಿನವೆಂದು ಆಚರಿಸುತ್ತಾರೆ. ವಾಯುಪಡೆಗೆ ಭಾರತೀಯ ಮುಖ್ಯಸ್ಥ ಬಂದದ್ದು ೧೯೫೪ರಲ್ಲಿ, ಸುಬ್ರೊತೊ ಮುಖರ್ಜಿ. ನೌಕಾಪಡೆಗೆ ೧೯೫೮ರಲ್ಲಿ, ರಾಮದಾಸ್ ಕಟಾರಿ. ಸ್ವಾತಂತ್ರ್ಯ ಬಂದ ಹನ್ನೊಂದನೆಯ ವರ್ಷದವರೆಗೂ ನಮ್ಮ ಹಡಗುಗಳ ಒಡೆತನ ಇಂಗ್ಲಿಷಿನವರ ಕೈಯಲ್ಲಿತ್ತೆಂದರೆ ಇಂದಿನ ವಿದ್ಯಾರ್ಥಿಗಳು ನಂಬಲಾರರು. ಹಡಗು ನಡೆಸುವವನನ್ನು ಹಡಗು ಕೊಂಡಷ್ಟು ಬೇಗ ಕೊಳ್ಳಲಾಗುವುದಿಲ್ಲ. ಆದ್ದರಿಂದ ಈ ನಿಧಾನವನ್ನು ನಾನು ತಪ್ಪೆನ್ನಲಾರೆ.

ಇನ್ನು ಸೈನ್ಯದಲ್ಲಿ ಯಾರಿರಬೇಕು ಎಂಬ ಪ್ರಶ್ನೆ. ೧೮೫೭ರ ಮೇಲೆ ಬ್ರಿಟಿಷರು ಭಾರತೀಯರನ್ನು 'ಕದನಕಲಿ ಜಾತಿ'ಗಳು, ಅಲ್ಲದವರು ಎಂದು ಎರಡು ರಾಶಿ ಮಾಡಿದರು. ಪಂಜಾಬು, ಗಢವಾಲ, ನೇಪಾಳಗಳ ಕಡೆಯವರು ಮೊದಲ ರಾಶಿಗೆ. ಟಿಪ್ಪುವಿನೊಡನೆಯೂ ಮರಾಠರೊಡನೆಯೂ ಕಾದಾಡಿದ್ದ ದಕ್ಷಿಣದವರು ಎರಡನೆಯದಕ್ಕೆ. ಮದರಾಸಿನ ಕಾಲಾಳು ಪಟಾಲಂಗಳನ್ನು ೧೯೨೦ರ ದಶಕದಲ್ಲಿ ಒಂದೊಂದಾಗಿ ಮುರಿದುಹಾಕಿ, ಮಹಾಯುದ್ಧ ಬಂದು ಜನ ಸಾಲದಾದಾಗ ೧೯೪೧ರಲ್ಲಿ ಮತ್ತೆ ಎಬ್ಬಿಸಿದರು. ಮಹಾರರ ಕಥೆ ಇನ್ನೂ ಕಹಿ. ಅಂಬೇಡ್ಕರರ ತಂದೆ ರಾಮಜಿ ಸುಬೇದಾರರಾಗಿದ್ದವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ಜನರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರು. ಅಂಬೇಡ್ಕರರು ಪಟ್ಟು ಹಿಡಿದ ಮೇಲೆ ೧೯೪೧ರಲ್ಲಿ ಮಹಾರ್ ರೆಜಿಮೆಂಟು ಹುಟ್ಟಿತು. ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ.

ಸ್ವತಂತ್ರ ಸರ್ಕಾರ ೧೯೪೯ರಲ್ಲಿ, ಸೈನ್ಯದ ಬಾಗಿಲು ಎಲ್ಲ ವರ್ಗಗಳಿಗೂ ತೆರೆದಿದೆಯೆಂದು ಸಾರಿತು. ಆ ವರ್ಷವೇ ಕಾರ್ಯಪ್ಪನವರು ಗಾರ್ಡ್ಸ್ ಎಂಬ ದಳವನ್ನು ಕಟ್ಟಿದರು. ಅದರಲ್ಲಿ ಜಾತಿ, ಮತ, ಪ್ರಾಂತಗಳ ವಿಂಗಡಣೆಯಿಲ್ಲ. ಆದರೆ ಹಳೆಯ ರೆಜಿಮೆಂಟುಗಳನ್ನು ಮುಟ್ಟಲಿಲ್ಲ. ಸಿಖ್, ಡೋಗ್ರ, ಗಢವಾಲ, ರಜಪೂತ ಎಂಬ ಹೆಸರುಗಳು ಉಳಿದುವು, ಹೆಸರಿನೊಡನೆ ಬಹುಮಟ್ಟಿಗೆ ಜನವೂ ಉಳಿಯಿತು. ಇದನ್ನು ಸಮರ್ಥಿಸುವವರು, ಒಂದೇ ಊರಿನವರು ಒಬ್ಬರೆದುರು ಒಬ್ಬರು ಹಿಮ್ಮೆಟ್ಟಲು ನಾಚುತ್ತಾರೆ ಎನ್ನುತ್ತಾರೆ. ಮಾವನೂ ಹಾಗೆಯೇ ವಾದಿಸುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ಸ್ಯಾಪರ್ಸ್ ದಳದಲ್ಲಿಯೇ ತಮಿಳರು, ತೆಲುಗರು, ಮಲೆಯಾಳಿಗಳು, ಕನ್ನಡಿಗರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರಲಿಲ್ಲವೇ, ಅಲ್ಲಿ ಯಾರು ಹಿಮ್ಮೆಟ್ಟಿದರು ಎಂದರೆ ಅವರು ಮೀಸೆಯಲ್ಲಿ ನಗುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ.

ಸಂಸ್ಥಾನಗಳ ಸೈನ್ಯಗಳನ್ನು ಕರಗಿಸಿಕೊಂಡ ಕೆಲಸ ಇದಕ್ಕಿಂತ ಹಸನಾಗಿ ನಡೆಯಿತು. ಮೈಸೂರಿನ ಅಶ್ವದಳ ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದದ್ದು ಪ್ರಸಿದ್ಧ. ದೆಹಲಿಯ ತ್ರಿಮೂರ್ತಿ ಸ್ಮಾರಕದ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಆ ಕುದುರೆ ಸವಾರರು ಮುಂದೆ ೬೧ನೆಯ ಅಶ್ವದಳದಲ್ಲಿ ಸೇರಿಹೋದರು. ಮೈಸೂರಿನ ಕಾಲಾಳುಗಳು ಮದರಾಸು ರೆಜಿಮೆಂಟಿನ ಒಂದು ಪಟಾಲಮಾದರು. ಅರಮನೆಯ ಜೋಳ ಉಂಡವರು ಸದ್ದಿಲ್ಲದೆ ಗಣರಾಜ್ಯದ ಜೋಳ ಉಂಡರು.

ತ್ರಿಮೂರ್ತಿಯ ಹೆಸರು ಬಂದದ್ದು ಒಳ್ಳೆಯದಾಯಿತು. ಆ ಸ್ಮಾರಕದ ಹಿಂದಿನ ಭವ್ಯ ಬಂಗಲೆ ಮೊದಲು ಬ್ರಿಟಿಷ್ ಸರಸೇನಾಪತಿಯ ನಿವಾಸವಾಗಿತ್ತು. ವೈಸರಾಯನನ್ನು ಬಿಟ್ಟರೆ ಆತನೇ ಎರಡನೆಯವನು. ಕಾರ್ಯಾಂಗ ಸಭೆಯಲ್ಲಿ ಅವನಿಗೆ ಆಸನವಿತ್ತು, ಮೂರೂ ಪಡೆಗಳು ಅವನ ಅಧೀನ. ೧೯೪೬ರ ಮಧ್ಯಂತರ ಸರ್ಕಾರದಲ್ಲಿ ರಕ್ಷಣಾ ಖಾತೆ ಬಲದೇವ ಸಿಂಗರಿಗೆ ಹೋಯಿತು. ೧೯೪೭ರ ಆಗಸ್ಟ್ ೧೫ರಂದು ಮೂರು ಪಡೆಗಳಿಗೆ ಮೂವರು ಮುಖ್ಯಸ್ಥರಾದರು. ಬಂಗಲೆಗೆ ಜವಾಹರಲಾಲ ನೆಹರೂ ವಾಸಕ್ಕೆ ಬಂದರು. ೧೯೫೫ರಲ್ಲಿ 'ಕಮಾಂಡರ್ ಇನ್ ಚೀಫ್' ಎಂಬ ಹೆಸರೂ ಹೋಗಿ 'ಚೀಫ್' ಉಳಿಯಿತು. ಸಂವಿಧಾನದ ೫೩ನೆಯ ವಿಧಿ ಪರಮಾಧಿಪತ್ಯವನ್ನು ರಾಷ್ಟ್ರಪತಿಗೆ ಕೊಟ್ಟಿದೆ. ಮನೆ, ಆಸನ, ಹೆಸರು, ಹೀಗೆ ಒಂದೊಂದಾಗಿ ಕಳಚಿಕೊಂಡದ್ದನ್ನು ನೋಡಿದರೆ ಇದು ಆಕಸ್ಮಿಕವೆನ್ನಿಸುವುದಿಲ್ಲ. ಅದೇ ತಾಯಿಬೇರಿನಿಂದ ಒಡೆದ ಪಾಕಿಸ್ತಾನದ ಸೈನ್ಯ ೧೯೫೮ರ ಅಕ್ಟೋಬರಿನಲ್ಲಿ ದೇಶದ ಗದ್ದುಗೆಯನ್ನೇ ಏರಿತು; ಏರಿದ ಅಯೂಬ್ ಖಾನರು ಕಾರ್ಯಪ್ಪ, ತಿಮ್ಮಯ್ಯನವರ ಹಳೆಯ ಸಂಗಡಿಗರು. ತರಬೇತಿ ಒಂದೇ, ಕುಲುಮೆ ಒಂದೇ. ಫಲ ಮಾತ್ರ ಬೇರೆ. ೨೦೨೦ರಲ್ಲಿ ಮೂರೂ ಪಡೆಗಳ ನಡುವೆ ಹೊಂದಾಣಿಕೆಗಾಗಿ ನಾವು ಮತ್ತೆ ಒಬ್ಬ ಮುಖ್ಯಸ್ಥನನ್ನು ನೇಮಿಸಿಕೊಂಡಾಗಲೂ ಅವನ ಕೈಗೆ ಪಡೆಗಳ ನೇರ ಆಜ್ಞೆಯನ್ನು ಕೊಡದೆ ಇದ್ದದ್ದಕ್ಕೆ ಆ ಹಳೆಯ ಎಚ್ಚರವೇ ಕಾರಣವಿರಬೇಕು.

ಎಚ್ಚರಕ್ಕೂ ಬೆಲೆ ತೆರಬೇಕಾಗುತ್ತದೆ. ೧೯೫೯ರಲ್ಲಿ ಸೇನಾಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಮನಸ್ತಾಪ ಬಂದು ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಕಟ್ಟುಬಿದ್ದು ಹಿಂದಕ್ಕೆ ತೆಗೆದುಕೊಂಡರು. ೧೯೬೨ರ ಅಕ್ಟೋಬರಿನಲ್ಲಿ ಚೀನೀಯರು ಇಳಿದುಬಂದಾಗ ನಮ್ಮ ಜವಾನರು ಹಿಮದಲ್ಲಿ ಹತ್ತಿಬಟ್ಟೆ ತೊಟ್ಟು, ಹಳೆಯ ೩೦೩ ಬಂದೂಕು ಹಿಡಿದು ನಿಂತಿದ್ದರು. ಸೈನ್ಯದ ಅತಿಬಲಕ್ಕೆ ಅಂಜುವುದು ವಿವೇಕ. ಆದರೆ ಆ ಅಂಜಿಕೆ ಸೈನ್ಯದ ಮಾತಿಗೆ ಕಿವುಡಾಗುವಷ್ಟು ಬೆಳೆಯಿತೆಂದು ನನ್ನ ಭಾವನೆ.

ಆಯುಧದ ವಿಚಾರದಲ್ಲಿ ಬೆಂಗಳೂರಿಗೆ ಹೇಳಿಕೊಳ್ಳಲು ಎರಡು ಕಥೆಗಳಿವೆ. ಒಂದು ಹೆಮ್ಮೆಯದು, ಒಂದು ನಿಟ್ಟುಸಿರಿನದು. ಮಹಾಯುದ್ಧ ಮುಗಿದು ಹೋಗುವಾಗ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಭಾರಿ ಬಾಂಬರ್ ವಿಮಾನಗಳನ್ನು ಕಾನಪುರದಲ್ಲಿ ಗುಜರಿಯಾಗಿ ಬಿಟ್ಟುಹೋಗಿದ್ದರು. ಮತ್ತೆ ಹಾರಬಾರದೆಂದು ಬೇಕೆಂದೇ ಕೆಡಿಸಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ತೆರೆದಿದ್ದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ಆ ಗುಜರಿಯನ್ನು ಕೆದಕಿ, ಒಂದರ ರೆಕ್ಕೆ ಇನ್ನೊಂದಕ್ಕೆ, ಅದರ ಬಾಲ ಮತ್ತೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ತೆವಳಿಕೊಂಡಾದರೂ ಹಾರುವಷ್ಟು ಸರಿಪಡಿಸಿದರು. ಕಾರ್ಖಾನೆಯ ವೈಮಾನಿಕ ಜಮ್ಷೇದ್ ಮುನ್ಷಿ ಎಂಬುವರು ಅವನ್ನು ಹಾರಿಸಿ ತಂದರು. ಏನು ಎದೆಗಾರಿಕೆಯಿದ್ದಿರಬೇಕು! ಇಲ್ಲಿ ಪೂರ್ತಿ ರಿಪೇರಿಯಾಗಿ ೧೯೪೮ರ ಕೊನೆಗೆ ಮ��ದಲ ಕೆಲವು ವಾಯುಪಡೆಯನ್ನು ಸೇರಿದುವು. ಹೀಗೆ ಎದ್ದುಬಂದವು ನಲವತ್ತಕ್ಕೂ ಹೆಚ್ಚು. ೧೯೬೮ರವರೆಗೆ ಅವು ಸಮುದ್ರದ ಮೇಲೆ ಪಹರೆ ತಿರುಗುತ್ತಿದ್ದುವು. ಅವುಗಳಲ್ಲೊಂದನ್ನು ಇಂಗ್ಲೆಂಡಿನ ವಾಯುಪಡೆಯ ವಸ್ತುಸಂಗ್ರಹಾಲಯದವರೇ ಆಮೇಲೆ ಪಡೆದುಕೊಂಡು ಇಟ್ಟುಕೊಂಡಿದ್ದಾರೆ.

ಎರಡನೆಯದು ಮಾರುತನ ಕಥೆ. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಪ್ರಖ್ಯಾತ ವಿನ್ಯಾಸಕಾರ ೧೯೫೬ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳೊಡನೆ ಕುಳಿತು ರೂಪಿಸಿದ ಜೆಟ್ ಯುದ್ಧವಿಮಾನ ಅದು. ೧೯೬೧ರ ಜೂನ್ ೧೭ರಂದು ಹಾರಿತು. ನೋಡಲು ಅಷ್ಟು ಚೆಲುವಾದ ವಿಮಾನ ಆಗ ಜಗತ್ತಿನಲ್ಲಿ ಬಹಳವಿರಲಿಲ್ಲ. ಆದರೆ ಯಾವ ಬಲಿಷ್ಠ ಎಂಜಿನ್ನನ್ನು ನೆಚ್ಚಿ ಅದರ ಒಡಲನ್ನು ಎಳೆದಿದ್ದರೋ ಆ ಎಂಜಿನ್ನನ್ನು ಬ್ರಿಟನ್ನಿನವರು ನಡುವೆಯೇ ಕೈಬಿಟ್ಟರು. ಅದರ ವೆಚ್ಚವನ್ನು ಹೊರಲು ನಾವೂ ಮುಂದಾಗಲಿಲ್ಲ. ಸಣ್ಣ ಎಂಜಿನ್ನು ಹೊತ್ತ ಮಾರುತ ತನ್ನ ರೂಪಕ್ಕೆ ತಕ್ಕ ವೇಗವನ್ನು ಎಂದೂ ಕಾಣಲಿಲ್ಲ. ೧೯೭೧ರಲ್ಲಿ ರಾಜಸ್ತಾನದ ಮರುಭೂಮಿಯ ಮೇಲೆ ಚೆನ್ನಾಗಿಯೇ ಕಾದಿ, ೧೯೯೦ರ ಹೊತ್ತಿಗೆ ನಿವೃತ್ತವಾಯಿತು. ೨೦೦೧ರಲ್ಲಿ ಅದೇ ಊರಿನಲ್ಲಿ ಹಾರಿದ ತೇಜಸ್ ವಿಮಾನದ ಎಂಜಿನ್ನೂ ಅಮೆರಿಕದ್ದು. ವಿಮಾನಪುರದ ಸಂಗ್ರಹಾಲಯದಲ್ಲಿ ಮಾರುತನ ಮುಂದೆ ನಿಂತಾಗಲೆಲ್ಲ ನನಗೆ ಅದೇ ಯೋಚನೆ: ಒಡಲು ನಮ್ಮದು, ಉಸಿರು ಇನ್ನೊಬ್ಬರದು.

ಇಷ್ಟೆಲ್ಲ ಬರೆದ ಮೇಲೂ ಒಂದು ಸಂಗತಿ ಉಳಿದೇ ಇದೆ. ಮಾವನ ಜೊತೆಗೆ ಅದೇ ವಾರ ನಮ್ಮ ಊರಿನಿಂದ ಇನ್ನೊಬ್ಬರು ದಂಡಿಗೆ ಸೇರಿದ್ದರು. ಅವರನ್ನು ಬೇರೆ ಪಟಾಲಮಿಗೆ ಹಾಕಿದರು. ೧೯೪೨ರ ಫೆಬ್ರವರಿ ೧೫ರಂದು ಸಿಂಗಾಪುರ ಬಿದ್ದಾಗ ಅವರು ಸೆರೆಯಾದರು. ಸುಭಾಷರ ಕರೆಗೆ ಓಗೊಟ್ಟು ಆಜಾದ್ ಹಿಂದ್ ಫೌಜಿಗೆ ಸೇರಿದರು. ೧೯೪೫ರ ಚಳಿಗಾಲದಲ್ಲಿ ಕೆಂಪುಕೋಟೆಯ ವಿಚಾರಣೆ ನಡೆದಾಗ ಇಡೀ ದೇಶ ಅಂಥವರ ಪಕ್ಷ ವಹಿಸಿತು. ಭೂಲಾಭಾಯಿ ದೇಸಾಯಿ ವಾದಿಸಿದರು, ನೆಹರೂ ಅವರೇ ವಕೀಲರ ಕರಿಯ ನಿಲುವಂಗಿ ತೊಟ್ಟು ಬಂದು ಕುಳಿತರು. ಆದರೆ ಸ್ವತಂತ್ರ ಸರ್ಕಾರ ಅವರನ್ನು ಸೈನ್ಯಕ್ಕೆ ಮರಳಿ ತೆಗೆದುಕೊಳ್ಳಲಿಲ್ಲ. ಒಮ್ಮೆ ಆಣೆ ಮುರಿದವರನ್ನು ಸೇರಿಸಿಕೊಂಡರೆ ಸೈನ್ಯ ಎರಡು ಬಣವಾದೀತೆಂಬ ಹೆದರಿಕೆ. ಆ ಹೆದರಿಕೆ ಸುಳ್ಳಲ್ಲ. ಉಪ್ಪಿನ ಋಣವನ್ನು ಕೆಡದಂತೆ ಕೈ ಬದಲಾಯಿಸಬೇಕಾಗಿದ್ದವರು, ಋಣ ಕಡಿದುಕೊಂಡವನನ್ನು ಎಲ್ಲಿಡಬೇಕು? ಅವನು ಕಡಿದುಕೊಂಡದ್ದು ನಮಗಾಗಿಯೇ ಆದರೂ? ನಾನು ಇದನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಒಮ್ಮೆಯೂ ನನಗೆ ತೃಪ್ತಿಯಾಗುವಂತೆ ಹೇಳಿಲ್ಲ.

ಊರಿಗೆ ಮರಳಿದ ಅವರು ಬಂಡಿ ಹೊಡೆದು ಜೀವನ ಮಾಡಿದರು. ಮಾವನಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತಿತ್ತು, ಅವರಿಗೇನೂ ಇರಲಿಲ್ಲ. ಇಬ್ಬರೂ ಸಂಜೆಗೆ ನಮ್ಮ ಜಗಲಿಯ ಮೇಲೆ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಯುದ್ಧದ ಮಾತು ಬರುತ್ತಿರಲಿಲ್ಲ. ೧೯೭೨ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರಿಗೆ ಮಾಸಾಶನ ಕೊಡುವ ಯೋಜನೆಯನ್ನು ತಂದು, ಆಜಾದ್ ಹಿಂದ್ ಫೌಜಿನವರನ್ನೂ ಅದಕ್ಕೆ ಸೇರಿಸಿತು. ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮಾವನೇ ಅವರನ್ನು ಕರೆಸಿ, ಅರ್ಜಿ ಬರೆಯಲು ನನ್ನನ್ನು ಕೂರಿಸಿದರು. ಜೊತೆಗೆ ಸೆರೆಯಲ್ಲಿದ್ದವರಿಂದ ಪ್ರಮಾಣಪತ್ರ ಬೇಕಾಗಿತ್ತು. ಅದಕ್ಕಾಗಿ ಎಲ್ಲೆಲ್ಲಿಗೋ ಕಾಗದ ಬರೆದೆವು. ಅರ್ಜಿದಾರರನ್ನು ಬಲ್ಲೆನೆಂದು ಹೇಳುವ ಸಾಕ್ಷಿಯ ರುಜುವನ್ನು ಮಾವ ಹಾಕುವುದೆಂದಾಯಿತು. ಊರಿನಲ್ಲಿ ಯಾವ ಕಾಗದಕ್ಕೆ ರುಜು ಹಾಕುವಾಗಲೂ ಹೆಸರಿನ ಮುಂದೆ 'ಜಮಾದಾರ್' ಎಂದು ಬರೆಯದೆ ಬಿಡುತ್ತಿದ್ದವರಲ್ಲ ಅವರು. ಆ ದಿನ ತಮ್ಮ ಹೆಸರು, ತಂದೆಯ ಹೆಸರು, ಊರು ಇಷ್ಟನ್ನೇ ಬರೆದು, ಶಾಯಿ ಆರಲೆಂದು ಕಾಗದವನ್ನು ಊದಿ, ಅವರ ಕೈಗೆ ಕೊಟ್ಟರು.